ಜಗುಲಿಯ ಜಲಾಶಯ

ಮಲೆನಾಡಿನಲ್ಲಿ ಮನೆ ಕಟ್ಟುವುದು ನೀರನ್ನು ಹೊರಗಿಡುವುದಕ್ಕೆ. ಅಡುಗೆ, ಪೂಜೆ, ಸಂಸಾರ, ಜಗಳ ಎಲ್ಲ ಆಮೇಲೆ, ನೀರು ಬಿಟ್ಟುಕೊಟ್ಟ ಜಾಗದಲ್ಲಿ. ಮೇ ತಿಂಗಳು ಮುಗಿಯುವುದರೊಳಗೆ ಹಂಚು ಕೈಯಾಡಿಸಬೇಕು, ಮಣ್ಣುಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಬೇಕು, ಸೌದೆಯನ್ನು ಅಟ್ಟಕ್ಕೇರಿಸಬೇಕು. ಇಷ್ಟಾದರೂ ಆರಿದ್ರೆ ಮಳೆ ಹಿಡಿಯಿತೆಂದರೆ ಬಾಗಿಲುಗಳು ಉಬ್ಬಿಕೊಂಡು, ಹಾಕಿದ್ದನ್ನು ತೆಗೆಯಲು ಬಾರದು, ತೆಗೆದದ್ದನ್ನು ಹಾಕಲು ಬಾರದು. ಸಾಗರದ ನಮ್ಮ ಮನೆಯಲ್ಲಿ ಒಲೆ ಕಾಣದೆ ಮುದಿಯಾದ ಒಂದಿಷ್ಟು ಪಾತ್ರೆಗಳಿವೆ. ಅವುಗಳ ಕೆಲಸ ಸೋರುವ ಕಡೆ ಕೂರುವುದು. ಯಾವ ಬೋಗುಣಿ ಯಾವ ಹನಿಗೆ ಎಂಬುದು ನನ್ನ ಅತ್ತೆಗೆ ಬಾಯಿಪಾಠ. ದೇವರ ಕೋಣೆಯ ಹನಿಗೆ ಹಿತ್ತಾಳೆಯದು, ನಡುಮನೆಯ ಹನಿಗೆ ಅಲ್ಯುಮಿನಿಯಂ. ಇದರಲ್ಲಿ ಹೇರುಪೇರಾದರೆ ಅವರಿಗೆ ಸಿಟ್ಟು.

ಇಂಥ ಮನೆಯ ಜಗುಲಿಗೆ ಸುಮಾರು 680 ಲೀಟರ್ ನೀರನ್ನು ನಾವೇ ಹೊತ್ತು ತಂದು, ಮರದ ಪೆಟ್ಟಿಗೆಯಲ್ಲಿ ತುಂಬಿಡಬೇಕು ಎಂಬ ಯೋಚನೆ ನನ್ನ ಗಂಡನಿಗೆ ಬಂತು.

ಮೀನಿನ ಹುಚ್ಚು ಅವರಿಗೆ ಹೊಸದಲ್ಲ. ಎರಡಡಿಯ ಗಾಜಿನ ತೊಟ್ಟಿಯೊಂದರಲ್ಲಿ ಗಪ್ಪಿಗಳನ್ನು ಸಾಕಿದ್ದರು. ಮೊಟ್ಟೆಯಿಟ್ಟು ಕಾಯುವ ತಾಳ್ಮೆ ಗಪ್ಪಿಗಳಿಗಿಲ್ಲ, ನೇರ ಮರಿಯನ್ನೇ ಹಾಕುತ್ತವೆ. ಬೀದಿಯ ಪ್ರತಿ ಮನೆಗೂ ಹಂಚಿ, ಕೊನೆಗೆ ಗಪ್ಪಿ ಕೊಡಲು ಬರುತ್ತಾರೆಂದು ಜನ ಇವರನ್ನು ಕಂಡರೆ ಬಾಗಿಲು ಹಾಕಿಕೊಳ್ಳುವಂತಾಯಿತು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಆರಡಿಯ ತೊಟ್ಟಿಯ ಆಸೆ ಹುಟ್ಟಿತು. ನಾಲ್ಕೂ ಕಡೆ ದಪ್ಪ ಗಾಜಿನ ಆರಡಿ ತೊಟ್ಟಿಗೆ ಅಂಗಡಿಯವನು ಹೇಳಿದ ಬೆಲೆ ಒಂದು ಕಡೆ. ಸಾಗಿಸುವಾಗ ಒಡೆದರೆ ನಾವು ಹೊಣೆಯಲ್ಲ ಎಂಬ ಷರತ್ತು ಇನ್ನೊಂದು ಕಡೆ. ನಮ್ಮ ರಸ್ತೆ ಕಂಡವರು ಆ ಷರತ್ತಿಗೆ ಒಪ್ಪುವುದು ಸಾಧ್ಯವಿಲ್ಲ. ಆಗ ನಮ್ಮವರಿಗೆ ಹೊಳೆದದ್ದು ಪ್ಲೈವುಡ್.

"ಮೀನು ನೋಡುವುದು ಮುಂದಿನಿಂದ ತಾನೆ? ಹಿಂದಿರೋದು ಗೋಡೆ. ಗೋಡೆಗೆ ಮೀನು ತೋರಿಸೋಕೆ ಗಾಜು ಯಾಕೆ?" ಎಂದರು. ಈ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಅವರನ್ನು ಪೂರ್ತಿ ಕೆಡಿಸಿದ್ದು ಮಾತ್ರ ಒಂದು ಲೆಕ್ಕ. ಪ್ಲೈವುಡ್ಡಿನ ಒಂದು ಹಾಳೆ ಎಂಟಡಿ ಉದ್ದ, ನಾಲ್ಕಡಿ ಅಗಲ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಗೆ ಆರಡಿ ಎರಡಡಿಯ ತಳ ಒಂದು, ಅಷ್ಟೇ ಅಳತೆಯ ಬೆನ್ನು ಒಂದು. ಇವೆರಡನ್ನೂ ಪಕ್ಕಪಕ್ಕದಲ್ಲಿ ಕೊಯ್ದರೆ ಹಾಳೆಯಲ್ಲಿ ನಾಲ್ಕಡಿ ಎರಡಡಿಯ ತುಂಡು ಉಳಿಯುತ್ತದೆ. ಅದನ್ನು ನಡುವಿಗೆ ಕೊಯ್ದರೆ ಎಡ ಬಲದ ಕೆನ್ನೆಗಳು ಸಿದ್ಧ. ಹಾಳೆಯೂ 32 ಚದರಡಿ, ಪೆಟ್ಟಿಗೆಯೂ 32 ಚದರಡಿ; ಚಕ್ಕೆಯಷ್ಟೂ ಮಿಗುವುದಿಲ್ಲ. ಇದನ್ನು ಕಂಡುಹಿಡಿದ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ, ನನಗೂ ಬರಗೊಡಲಿಲ್ಲ. ಬ್ಯಾಂಕಿನಲ್ಲಿದ್ದವರು, ಎರಡು ಕಡೆಯ ಮೊತ್ತ ತಾಳೆಯಾದರೆ ಅದರಲ್ಲಿ ದೇವರ ಕೈವಾಡ ಕಾಣುತ್ತಾರೆ.

ಬೆಳಿಗ್ಗೆ ಬಂದ ಮರಗೆಲಸದ ಆಚಾರ್ರು ಈ ಲೆಕ್ಕದ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, ಕನ್ನಡಕವನ್ನು ಹಣೆಗೇರಿಸಿ ಕೇಳಿದ್ದು ಒಂದೇ ಪ್ರಶ್ನೆ: "ಗರಗಸದ ಪಾಲು ಎಲ್ಲಿ?"

ಪ್ರತಿ ಕೊಯ್ತದಲ್ಲೂ ಗರಗಸ ತನ್ನ ಹಲ್ಲಿನಗಲದಷ್ಟು ಮರವನ್ನು ಪುಡಿ ಮಾಡಿ ತಿನ್ನುತ್ತದೆ. ಮುಂದಿನ ಗಾಜಿಗೆ ಚೌಕಟ್ಟು ಬೇಕು. ನೀರು ತುಂಬಿದಾಗ ಬೆನ್ನೂ ಮುಖವೂ ಹೊಟ್ಟೆ ಬಿಡದಂತೆ ಮೇಲೆ ಅಡ್ಡಪಟ್ಟಿ ಬೇಕು. ದೇವರ ಲೆಕ್ಕದಲ್ಲಿ ಇವು ಯಾವುವೂ ಇರಲಿಲ್ಲ. ಎರಡನೆಯ ಹಾಳೆ ಬಂತು.

ಹಾಳೆ ಕೊಳ್ಳುವುದೂ ಸುಲಭವಾಗಲಿಲ್ಲ. ಅಂಗಡಿಯಲ್ಲಿ ತೋರಿಸಿದ ಪ್ರತಿಯೊಂದೂ ವಾಟರ್‌ಪ್ರೂಫ್. ಅಗ್ಗದ್ದೂ ವಾಟರ್‌ಪ್ರೂಫ್, ದುಬಾರಿಯದೂ ವಾಟರ್‌ಪ್ರೂಫ್. ದುಬಾರಿಯದರ ಮೇಲೆ ಐಎಸ್ 710 ಎಂಬ ಮುದ್ರೆ, ಅಂದರೆ ಮೆರೀನ್ ಪ್ಲೈವುಡ್. ಆ ದರ್ಜೆ ಸಿಗಬೇಕಾದರೆ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿ ಬೇಯಿಸಿದರೂ ಪದರ ಬಿಚ್ಚಿಕೊಳ್ಳಬಾರದು. ನಮ್ಮವರು ಇದನ್ನು ಮನೆಯಲ್ಲಿ ಅಭಿಮಾನದಿಂದ ಹೇಳಿದಾಗ, ಮೂರು ಹಗಲು ಮೂರು ರಾತ್ರಿ ಬೇಯುವ ಸಂಗತಿ ಅತ್ತೆಯನ್ನು ಬೇರೆಯೇ ರೀತಿಯಲ್ಲಿ ತಟ್ಟಿತು. "ಸೌದೆ ಎಷ್ಟು ಬೇಕಾತು ಮಾರಾಯ!" ಎಂದರು.

ಆದರೆ ಆ ಪರೀಕ್ಷೆಯಲ್ಲಿ ಪಾಸಾಗುವುದು ಅಂಟು, ಮರವಲ್ಲ. ತೆಳು ಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟಿಸಿದ್ದೇ ಪ್ಲೈವುಡ್. ಒಳ್ಳೆಯ ಹಾಳೆಯಲ್ಲಿ ಅಂಟು ಬಿಡುವುದಿಲ್ಲ. ಮರ ಮಾತ್ರ ಮರವೇ. ಅಂಚಿನಲ್ಲಿ ಎಳೆಗಳ ಬಾಯಿ ತೆರೆದಿರುತ್ತದೆ, ಸಂದು ಸಿಕ್ಕರೆ ನೀರು ಕುಡಿದು ಊದಿಕೊಳ್ಳುತ್ತದೆ. ಹಾಗಾಗಿ ಪ್ಲೈವುಡ್ ತೊಟ್ಟಿ ಕಟ್ಟುವವನ ಇಡೀ ವಿದ್ಯೆ ಒಂದೇ: ಪಕ್ಕದಲ್ಲೇ ನೀರಿದೆ ಎಂಬ ವಿಷಯ ಮರದ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು.

ಹೊಳೆಯಾಚೆ ತುಮರಿ ಕಡೆಯಿಂದ ಬಂದಿದ್ದ ನಮ್ಮವರ ಚಿಕ್ಕಪ್ಪ ಜಗುಲಿಯಲ್ಲಿ ಕವಳ ಹಾಕುತ್ತ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದರು. ಶರಾವತಿ ಹಿನ್ನೀರಿನಲ್ಲಿ ಆಯುಷ್ಯ ಕಳೆದವರು. "ಇದು ದೋಣಿಯೇ ಸೈ. ಒಳಗಿದ್ದದ್ದು ಹೊರಗಾಯ್ದು, ಅಷ್ಟೇ" ಎಂದರು. ದೋಣಿಗೆ ಹೊರಮೈಗೆ ಡಾಂಬರು ಬಳಿಯಬೇಕು, ನಿಂಗೆ ಒಳಮೈಗೆ. ಕರಾವಳಿಯಲ್ಲಾದರೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ ಎಂದೂ ಸೇರಿಸಿದರು. ಅತ್ತೆಯ ಮತ ಹಲಸಿನ ಮೇಣಕ್ಕೆ. ಅವರ ಕಾಲದಲ್ಲಿ ಸೋರುವ ಕೊಡಪಾನವನ್ನು ಯಾರೂ ಎಸೆದದ್ದಿಲ್ಲ. ಮೇಣ ಕಾಯಿಸಿ ಮೆತ್ತಿದರೆ ಮತ್ತೈದು ವರ್ಷಕ್ಕೆ ಚಿಂತೆಯಿಲ್ಲ. ಮೂವರೂ ಒಂದು ಗಂಟೆ ವಾದಿಸಿದರು. ಎಪಾಕ್ಸಿ ಡಬ್ಬಗಳು ಆಗಲೇ ಬಂದು ಮೂಲೆಯಲ್ಲಿ ಕೂತಿದ್ದವು ಎಂಬುದನ್ನು ನಮ್ಮವರು ವಾದ ಮುಗಿಯುವವರೆಗೂ ಹೇಳಲಿಲ್ಲ.

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವಳು. ಮನೆಯಲ್ಲಿ ಬಾಯಿ ಬಿಡಬಾರದೆಂದು ಎಷ್ಟೇ ನಿಶ್ಚಯಿಸಿದರೂ ದ್ರವದ ಒತ್ತಡದ ಪಾಠ ಕಣ್ಣೆದುರಿಗೆ ಎದ್ದು ನಿಂತಾಗ ಸುಮ್ಮನಿರುವುದು ಕಷ್ಟ. ಎರಡಡಿ ನೀರು ಆರಡಿ ಗಾಜನ್ನು ಸುಮಾರು 340 ಕೆ.ಜಿ. ತೂಕದಷ್ಟು ಬಲದಿಂದ ಹೊರಕ್ಕೆ ದೂಡುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದೆ. ತಳದ ಒತ್ತಡಕ್ಕೆ ಆಳವೊಂದೇ ಮುಖ್ಯ, ಹಿಂದೆ ಎಷ್ಟು ನೀರಿದೆ ಎನ್ನುವುದು ಮುಖ್ಯವಲ್ಲ, ಲಿಂಗನಮಕ್ಕಿ ಜಲಾಶಯದಲ್ಲಿ ಎರಡಡಿ ಕೆಳಗೆ ಎಷ್ಟು ಒತ್ತಡವೋ ನಿಮ್ಮ ಪೆಟ್ಟಿಗೆಯ ತಳದಲ್ಲೂ ಅಷ್ಟೇ ಎಂದೆ. ಎಚ್ಚರಿಕೆ ಕೊಡುವುದು ನನ್ನ ಉದ್ದೇಶ. ಅವರಿಗೆ ಕೇಳಿಸಿದ್ದು ಬಿರುದು. ಸಂಜೆಯೊಳಗೆ ಬೀದಿಯ ತುದಿಯವರೆಗೂ ಸುದ್ದಿ: ತಮ್ಮ ತೊಟ್ಟಿಯೂ ಲಿಂಗನಮಕ್ಕಿಯೂ ಒತ್ತಡದಲ್ಲಿ ಸಮಾನ, ಹೆಂಡತಿಯೇ ಸರ್ಟಿಫಿಕೇಟ್ ಕೊಟ್ಟಿದ್ದಾಳೆ.

ಈ ತೊಟ್ಟಿಗಳ ಇತಿಹಾಸವನ್ನೂ ಅವರು ಓದಿಕೊಂಡರು. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯ ಜನರಿಗೆ ಮೀನು ತೋರಿಸುವ ಮನೆ ತೆರೆದದ್ದು, ಸಿಲಿಕೋನ್ ಅಂಟು ಬರುವ ತನಕ ತೊಟ್ಟಿಗಳಿಗೆ ಕಬ್ಬಿಣದ ಚೌಕಟ್ಟು, ಕಲ್ಲಿನ ತಳ, ಪುಟ್ಟಿ ಎಲ್ಲ ಬೇಕಿದ್ದದ್ದು. ಅದಕ್ಕೂ ಹಿಂದೆ, 1832ರಲ್ಲಿ, ಸಿಸಿಲಿಯ ಮೆಸ್ಸಿನಾದಲ್ಲಿ ಜೀನ್ ವಿಲ್‌ಪ್ರೂ ಪವರ್ ಎಂಬಾಕೆ ಕಡಲಜೀವಿಗಳನ್ನು ಹತ್ತಿರದಿಂದ ನೋಡಲು ಗಾಜಿನ ತೊಟ್ಟಿಗಳನ್ನು ರೂಪಿಸಿಕೊಂಡಿದ್ದಳು. ಮೊದಲು ಬಟ್ಟೆ ಹೊಲಿಯುತ್ತಿದ್ದವಳು. ಅಳತೆ ತೆಗೆದು ಕತ್ತರಿಸುವವರಿಗೆ ಗರಗಸದ ಪಾಲು, ಕತ್ತರಿಯ ಪಾಲು ಎಲ್ಲ ಗೊತ್ತಿರುತ್ತದೆ ಎಂದು ನಾನು ಒಂದು ಮಾತು ಸೇರಿಸಿದೆ. ಅದಕ್ಕೆ ಉತ್ತರ ಬರಲಿಲ್ಲ.

ಎಪಾಕ್ಸಿ ಬಹಳ ಮರ್ಯಾದಸ್ಥ ವಸ್ತು. ಒಂದು ಡಬ್ಬದಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡ್‌ನರ್; ಬೇರೆ ಬೇರೆ ಇದ್ದಷ್ಟು ಕಾಲ ಎರಡೂ ತಣ್ಣಗಿರುತ್ತವೆ. ಹೇಳಿದ ಅಳತೆಯಲ್ಲಿ ಬೆರೆಸಿದರೆ ಬಿಸಿಯೇರಿ ಗಟ್ಟಿಯಾಗತೊಡಗುತ್ತವೆ. ತೆಳ್ಳಗೆ ಬಳಿದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಆಳವಾದ ಪಾತ್ರೆಯಲ್ಲಿ ರಾಶಿಯಾಗಿ ಬಿಟ್ಟರೆ ಹೋಗಲು ದಾರಿಯಿಲ್ಲದೆ ಬಿಸಿಯೇ ಬಿಸಿಯನ್ನು ಹೆಚ್ಚಿಸುತ್ತದೆ. ಇದೆಲ್ಲ ಡಬ್ಬದ ಮೇಲೆ ಬರೆದಿತ್ತು, ಬಹಳ ಸಣ್ಣ ಅಕ್ಷರದಲ್ಲಿ. ನಮ್ಮವರು ಮತ್ತೆ ಮತ್ತೆ ಬೆರೆಸುವ ರಗಳೆ ಬೇಡವೆಂದು ಇಡೀ ಗೋಡೆಗೆ ಆಗುವಷ್ಟನ್ನು ಬಚ್ಚಲಿನ ಪ್ಲಾಸ್ಟಿಕ್ ಮಗ್ಗಿನಲ್ಲಿ ಒಂದೇ ಸಲ ಕಲಸಿದರು. ಬ್ರಷ್ ಹುಡುಕಿಕೊಂಡು ಬರುವಷ್ಟರಲ್ಲಿ ಮಗ್ಗಿನಿಂದ ಹೊಗೆ. ಅಂಗಳಕ್ಕೆ ಎಸೆದರು. ಅದು ಅಲ್ಲಿ ಸಾವಕಾಶ ಕುಗ್ಗಿ, ಒಂದು ಪಕ್ಕಕ್ಕೆ ವಾಲಿ, ಹಿಡಿಕೆ ಮೇಲೆತ್ತಿಕೊಂಡು ನಿಂತಿತು. ಈಗ ಅದನ್ನು ಬಾಗಿಲು ಬಡಿಯದಂತೆ ಒತ್ತುಕೊಡಲು ಇಟ್ಟಿದ್ದೇವೆ. ಅಷ್ಟು ಗಟ್ಟಿಮುಟ್ಟಾದ ವಸ್ತು ಮನೆಯಲ್ಲಿ ಬೇರೊಂದಿಲ್ಲ.

ಆಮೇಲೆ ಅಗಲ ತಟ್ಟೆಯಲ್ಲಿ ಚೂರು ಚೂರೇ ಬೆರೆಸುವ ಪದ್ಧತಿ ಬಂತು. ಒಳಮೂಲೆಗಳು ಲಂಬಕೋನವಾಗಿದ್ದರೆ ಫೈಬರ್‌ಗ್ಲಾಸ್ ಬಟ್ಟೆ ಅಲ್ಲಿ ಸರಿಯಾಗಿ ಕೂರದೆ ಅಡಿಯಲ್ಲಿ ಪೊಳ್ಳು ಉಳಿಯುತ್ತದೆ. ಮೂಲೆಯನ್ನು ದುಂಡಗೆ ತುಂಬಬೇಕು. ತುಂಬಲು ಎಪಾಕ್ಸಿಗೆ ಏನಾದರೂ ಪುಡಿ ಬೆರೆಸಿ ಗಟ್ಟಿ ಮಾಡಿಕೊಳ್ಳಬೇಕು. ಆಚಾರ್ರು ಮಾತಿಲ್ಲದೆ ಒಳಗೆ ಹೋಗಿ ಒಂದು ಚೀಲ ತಂದಿಟ್ಟರು. ಮೊದಲ ದಿನ ಉದುರಿದ ಗರಗಸದ ಪುಡಿ, ಜರಡಿ ಹಿಡಿದು ಎತ್ತಿಟ್ಟದ್ದು. ಅವರ ಮುಖದಲ್ಲಿ ನಗೆ ಇರಲಿಲ್ಲ ಎಂದು ನಮ್ಮವರು ಈಗಲೂ ಹೇಳುತ್ತಾರೆ. ಇತ್ತು, ನಾನು ನೋಡಿದ್ದೇನೆ.

ಬಟ್ಟೆ ಅಂಟಿಸಿದ ದಿನ ಮನೆಯವರೆಲ್ಲ ಮೈ ತುರಿಸಿಕೊಂಡೆವು. ಮಳೆ ಅಷ್ಟರಲ್ಲಿ ಹಿಡಿದೇಬಿಟ್ಟಿತ್ತು. ಥಂಡಿ ತೇವದ ಹವೆಯಲ್ಲಿ ಎಪಾಕ್ಸಿ ಬೇಗ ಗಟ್ಟಿಯಾಗುವುದಿಲ್ಲ. ಮೇಲಾಗಿ ಮೈಮೇಲೆ ಜಿಡ್ಡಿನ ಪೊರೆ ಬಿಡುತ್ತದೆ. ಅದನ್ನು ತೊಳೆದು, ಉಜ್ಜಿ, ಒಣಗಿಸದೆ ಮುಂದಿನ ಪದರ ಬಳಿದರೆ ಹಿಡಿಯದು. ತೊಳೆಯಲು ನೀರಿಗೆ ಬರವಿಲ್ಲ, ಒಣಗಿಸಲು ಬಿಸಿಲೆಲ್ಲಿ? ಪೆಟ್ಟಿಗೆಯ ಮೇಲೆ ತಾಡಪಾಲು ಹೊದಿಸಿ ಒಳಗೆ ದೊಡ್ಡ ಬಲ್ಬು ತೂಗುಬಿಟ್ಟರು. ಇಡೀ ಮನೆಗೆ ಅದೊಂದೇ ಬೆಚ್ಚನೆಯ ಜಾಗ. ಬೆಕ್ಕು ಅಲ್ಲೇ ಸಂಸಾರ ಹೂಡಿತು. ಅತ್ತೆ ಒಣಗದ ಪಂಚೆ, ಸೀರೆಗಳನ್ನೂ ಆ ತಾಡಪಾಲಿನ ಮೇಲೆ ಹರವಿ, ಈ ಯೋಜನೆಯ ಬಗ್ಗೆ ಮೊದಲ ಬಾರಿಗೆ ಒಂದು ಒಳ್ಳೆಯ ಮಾತಾಡಿದರು.

ಗಾಜು ಕೂರಿಸಿದ್ದು ಒಳಗಡೆಯಿಂದ. ಇದು ನನಗೆ ಇಡೀ ಕೆಲಸದಲ್ಲೇ ಅತ್ಯಂತ ಇಷ್ಟವಾದ ಭಾಗ. ಚೌಕಟ್ಟಿನ ಹೊರಗೆ ಗಾಜು ಅಂಟಿಸಿದರೆ ನೀರು ಅದನ್ನು ಕಿತ್ತೊಗೆಯಲು ದೂಡುತ್ತಲೇ ಇರುತ್ತದೆ. ಒಳಗಿಟ್ಟರೆ ಅದೇ ನೀರು ಅದೇ 340 ಕೆ.ಜಿ. ಬಲದಿಂದ ಗಾಜನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ಕಳ್ಳನಿಗೇ ಬಾಗಿಲು ಕಾಯಲು ಹಚ್ಚಿದ ಹಾಗೆ. ಇದಕ್ಕೆ ಬೇಕಾದ ಸಿಲಿಕೋನ್ ತರಲು ಹೋದಾಗ ಅಂಗಡಿಯವನು ಬಚ್ಚಲಮನೆಯ ಟ್ಯೂಬ್ ಕೊಟ್ಟು, "ಇದಕ್ಕೆ ಬೂಸ್ಟು ಬರಲ್ಲ ಸಾರ್" ಎಂದನಂತೆ. ಬೂಸ್ಟು ಬಾರದ ಹಾಗೆ ಅದರಲ್ಲಿ ಬೆರೆಸಿರುವ ವಿಷ ಮೀನಿಗೂ ವಿಷವೇ. ಮಿಶ್ರಣವಿಲ್ಲದ ಸಾದಾ ಸಿಲಿಕೋನ್ ಹುಡುಕಿ ತಂದರು. ಅದು ಆರುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅಂದರೆ ವಿನೆಗರ್ ವಾಸನೆ. ಮಧ್ಯಾಹ್ನ ಮಲಗಿದ್ದ ಅತ್ತೆ ದಡಬಡಿಸಿ ಎದ್ದು ಹೋಗಿ ಉಪ್ಪಿನಕಾಯಿಯ ಭರಣಿಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಮೂಸಿದರು. ಯಾವುದೂ ಕೆಟ್ಟಿರಲಿಲ್ಲ. ಆದರೂ ಅವರಿಗೆ ಈವರೆಗೆ ಅಪ್ಪೆಮಿಡಿಯ ಭರಣಿಯ ಮೇಲೆ ಅನುಮಾನ.

ನೀರು ತುಂಬಿದೆವು. ತೊಟ್ಟಿಯ ಕೆಳಗೆ ಹಳೆಯ ಪತ್ರಿಕೆಗಳನ್ನು ಹಾಸಿದ್ದರು, ಹನಿ ಬಿದ್ದರೆ ಕಲೆಯಾಗಲಿ ಎಂದು. ಆ ಹಾಸಿನಲ್ಲಿ ಮೇಲಕ್ಕೆ ಬಂದದ್ದು ಜಲಾಶಯಗಳ ನೀರಿನ ಮಟ್ಟದ ಪುಟ; ಲಿಂಗನಮಕ್ಕಿ, ಗರಿಷ್ಠ 1819 ಅಡಿ. ನಮ್ಮವರು ಗಾಜಿಗೆ ಅಳತೆಪಟ್ಟಿ ಅಂಟಿಸಿ ಬೆಳಿಗ್ಗೆ ಸಂಜೆ ಮಟ್ಟ ಬರೆದಿಡತೊಡಗಿದರು. ಒಂದೆರಡು ಮಿಲಿಮೀಟರ್ ಇಳಿದರೆ ಅದು ಸೋರಿದ್ದೋ ಆವಿಯಾದದ್ದೋ? ಪಕ್ಕದಲ್ಲಿ ಒಂದು ಬಕೆಟ್ ನೀರಿಡಿ, ಅದೂ ಅಷ್ಟೇ ಇಳಿದರೆ ಆವಿ ಎಂದೆ. ಸಲಹೆ ಸ್ವೀಕಾರವಾಯಿತು. ಅಂದಿನಿಂದ ಮನೆಗೆ ಎರಡು ಜಲಾಶಯ.

ಒಂದು ಬೆಳಿಗ್ಗೆ ಪತ್ರಿಕೆಯ ಮೂಲೆಯಲ್ಲಿ, ಸರಿಯಾಗಿ ತುಂಗಭದ್ರಾದ ಮೇಲೆ, ಅಂಗೈಯಗಲದ ಒದ್ದೆ. ಮನೆ ಮೂರು ಪಕ್ಷವಾಯಿತು. ಅತ್ತೆಯ ಪಕ್ಷ: ಪೆಟ್ಟಿಗೆ ಸೋರುತ್ತಿದೆ, ಹಲಸಿನ ಮೇಣ ಹಾಕಿದ್ದರೆ ಈ ಗತಿ ಬರುತ್ತಿರಲಿಲ್ಲ. ನಮ್ಮವರ ಪಕ್ಷ: ಮಾಡು ಸೋರುತ್ತಿದೆ. ನನ್ನ ಪಕ್ಷ: ತಣ್ಣೀರಿನ ತೊಟ್ಟಿ, ತೇವದ ಗಾಳಿ, ಹೊರಮೈ ಬೆವರಿದೆ. ಬೆಕ್ಕನ್ನು ಯಾರೂ ಕೇಳಲಿಲ್ಲ, ಅದರ ಮೇಲೂ ಒಂದು ಗುಮಾನಿಯಿತ್ತು. ನೀರಿಗೆ ಬಣ್ಣ ಹಾಕಿದರೆ ಗೊತ್ತಾಗುತ್ತದೆ ಎಂದು ಅತ್ತೆಯೇ ಹೇಳಿದರು. ಅರಿಶಿನ ನೀರಿನಲ್ಲಿ ಕರಗುವುದಿಲ್ಲವಲ್ಲ ಎಂದರೆ, "ಸುಣ್ಣ ಹಾಕಿದ್ರೆ ಕರಗ್ತು" ಎಂದು ನನಗೇ ಪಾಠ ಹೇಳಿ, ಆರತಿಗೆ ಮಾಡುವ ಓಕುಳಿಯನ್ನು ಕೊಳಗದಲ್ಲಿ ಕಲಸಿ ತಂದು ಸುರಿದರು. ರಕ್ತಗೆಂಪು ನೀರು ತೊಟ್ಟಿಗೆ ಬಿದ್ದು ಹರಡುತ್ತಿದ್ದಂತೆ ಹಳದಿಗೆ ತಿರುಗಿತು. ನಮ್ಮ ಬಾವಿಯ ನೀರು ತುಸು ಆಮ್ಲೀಯ. ಕ್ಷಾರ ಇಳಿದರೆ ಅರಿಶಿನ ತನ್ನ ಬಣ್ಣಕ್ಕೆ ಮರಳುತ್ತದೆ ಎಂದು ವಿವರಿಸಲು ಹೋದೆ. ಅತ್ತೆಗೆ ಕಂಡದ್ದು ಬೇರೆ: ಕೆಂಪು ಹಳದಿಯಾಯಿತು, ಅಶುಭವೇನಲ್ಲ.

ಮರುದಿನದ ಒದ್ದೆಯಲ್ಲಿ ಬಣ್ಣವಿರಲಿಲ್ಲ. ವಿಜ್ಞಾನದ ಲೆಕ್ಕದಲ್ಲಿ ಈ ಪ್ರಯೋಗದಲ್ಲೊಂದು ತೂತಿದೆ, ಪುಡಿ ನಿಲ್ಲುವಷ್ಟು ಸಣ್ಣ ಸಂದಿನಲ್ಲಿ ನೀರು ಮಾತ್ರ ಬರಬಹುದು ಎಂದೆ. ತೂತು ಇರುವುದು ಪ್ರಯೋಗದಲ್ಲಿ, ತೊಟ್ಟಿಯಲ್ಲಲ್ಲ ಎಂದು ನಮ್ಮವರು ಕೈ ಕುಲುಕಿದರು. ರಾತ್ರಿ ಜೋರು ಮಳೆ ಬಂದಾಗ ಅತ್ತೆ ಟಾರ್ಚು ಹಿಡಿದು ತೊಟ್ಟಿಯ ಬುಡದಲ್ಲಿ ಕೂತರು. ಹನಿ ಅವರ ನೆತ್ತಿಗೇ ಬಿತ್ತು. ಮಂಗಗಳು ಸರಿಸಿಹೋದ ಹಂಚು. ಮಾಡು ಸೋರುವುದು ಮಲೆನಾಡಿನಲ್ಲಿ ಹಗರಣವಲ್ಲ, ಬೋಗುಣಿ ಇಟ್ಟರೆ ಮುಗಿಯಿತು. ಅತ್ತೆ ಒಳಗಿಂದ ಒಂದು ಹೊಸ ಬೋಗುಣಿ ತಂದಿಟ್ಟು, ಅದಕ್ಕೆ ಆ ಜಾಗವನ್ನು ಖಾಯಂ ಮಾಡಿದರು.

ಅರಿಶಿನದ ನೀರನ್ನು ಚೆಲ್ಲಿದ್ದಾಯಿತು, ಬಣ್ಣ ಹೋಗಲಿಲ್ಲ. ಒಳಗೋಡೆಗೆ ಬಳಿದ ಬಿಳಿ ಪದರ ಈಗ ಮದುವಣಗಿತ್ತಿಯ ಹಳದಿ. ಬಿಸಿಲಿಗೆ ಮಾಸುತ್ತದೆ ಎಂದೆ. ಬಿಸಿಲು ಬರಲಿ ನೋಡೋಣ ಎಂದರು.

ಮತ್ತೆ ತುಂಬಿ, ಮರಳು ಹಾಕಿ, ಫಿಲ್ಟರ್ ಓಡಿಸಿದ ಮೇಲೂ ಮೀನು ಬಿಡುವಂತಿಲ್ಲ. ಮೀನಿನ ಕಲ್ಮಷದಿಂದ ಅಮೋನಿಯ ಹುಟ್ಟುತ್ತದೆ. ಅದನ್ನು ನೈಟ್ರೈಟ್, ನೈಟ್ರೈಟನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯೂರಬೇಕು. ಅದಕ್ಕೆ ನಾಲ್ಕಾರು ವಾರ ಬೇಕು. ಆ ವಾರಗಳಲ್ಲಿ ಬಂದ ನೆಂಟರೆಲ್ಲ ಖಾಲಿ ತೊಟ್ಟಿಯ ಮುಂದೆ ನಿಂತು, "ಮೀನೆಲ್ಲಿ?" ಎಂದರು. ಬ್ಯಾಕ್ಟೀರಿಯಾ ಸಾಕುತ್ತಿದ್ದೇವೆ ಎಂದರೆ ಕೊಟ್ಟ ಪಾನಕವನ್ನು ಒಮ್ಮೆ ಇಣುಕಿ ನೋಡಿಕೊಂಡರು. ಆಮೇಲೆ ಎಲ್ಲರೂ ಮಾಡಿದ್ದು ಒಂದೇ ಕೆಲಸ: ಸೊಂಟ ಬಗ್ಗಿಸಿ ತೊಟ್ಟಿಯ ಅಡಿ ನೋಡುವುದು, ಕೆಳಗಿನ ನೆಲಕ್ಕೆ ಕೈಯಾಡಿಸುವುದು. ಗಾಜಿನ ತೊಟ್ಟಿ ಇದ್ದ ಮನೆಗೆ ಹೋದವರು ಮೀನು ನೋಡುತ್ತಾರೆ. ಪ್ಲೈವುಡ್ ತೊಟ್ಟಿ ಇದ್ದ ಮನೆಗೆ ಬಂದವರು ನೆಲ ನೋಡುತ್ತಾರೆ, ನೆಲ ಒಣಗಿದ್ದರೆ ಅವರ ಮುಖದಲ್ಲಿ ಸಣ್ಣ ನಿರಾಸೆ ಕಾಣಿಸುತ್ತದೆ.

ಅಂಗಡಿಯವನು ಬೆರಳುದ್ದದ "ಶಾರ್ಕ್" ಮರಿಗಳನ್ನು ಹಚ್ಚಲು ನೋಡಿದ. ಅದು ಶಾರ್ಕಲ್ಲ, ಪಂಗಾಸ್; ಬೆಳೆದರೆ ಮೀಟರ್ ದಾಟುತ್ತದೆ. ಕಡೆಗೆ ಬಂದದ್ದು "ಮಿಸ್ ಕೇರಳ"ದ ಒಂದು ಹಿಂಡು, ಸಾಕಣೆ ಕೇಂದ್ರದಲ್ಲಿ ಹುಟ್ಟಿದವು. ಬೆಳ್ಳಿ ಮೈಗೆ ಒಂದು ಕೆಂಪು ಗೆರೆ, ಒಂದು ಕಪ್ಪು ಗೆರೆ. ನಮ್ಮದೇ ಪಶ್ಚಿಮಘಟ್ಟದ ಹಳ್ಳಗಳ ಮೀನು. ಚಂದವೆಂದು ಹಿಡಿದು ಮಾರಿ ಮಾರಿ ಹಳ್ಳದಲ್ಲೇ ಅಪರೂಪವಾಗಿದೆ. ಹಳದಿ ಗೋಡೆಯ ಮುಂದೆ ಆ ಕೆಂಪು ಗೆರೆ ಎದ್ದು ಕಾಣುತ್ತದೆ ಎಂದು ಮೊದಲು ಗಮನಿಸಿದ್ದು ತಾನೇ ಎಂದು ಅತ್ತೆ, ಅದಕ್ಕಾಗಿಯೇ ಬಣ್ಣ ಹಾಗೆ ಬಿಟ್ಟದ್ದು ಎಂದು ನಮ್ಮವರು.

ಇಷ್ಟಾದ ಮೇಲೆ ತಿಳಿದ ವಿಷಯವೊಂದಿದೆ. ನೈಟ್ರೇಟ್ ತಾನಾಗಿ ಹೋಗುವುದಿಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸ ನೀರು ಹಾಕಬೇಕು. ಅಂದರೆ ಸುಮಾರು 170 ಲೀಟರ್ ಹೊರಗೆ, 170 ಲೀಟರ್ ಒಳಗೆ, ಪ್ರತಿ ಭಾನುವಾರ. ಪೈಪು ಬಾಯಲ್ಲಿ ಕಚ್ಚಿ ನೀರೆಳೆಯುತ್ತಿದ್ದ ಮಗನನ್ನು, ಬಕೆಟ್ ಹೊರುತ್ತಿದ್ದ ಸೊಸೆಯನ್ನು ಅತ್ತೆ ಸ್ವಲ್ಪ ಹೊತ್ತು ನೋಡಿದರು.

"ಹಂಗಾದ್ರೆ ಮೊದಲೇ ಒಂದು ಸಣ್ಣ ತೂತು ಬಿಟ್ಟಿದ್ರೆ ಆಗ್ತಿತ್ತಲೆ?"

ನಮ್ಮವರು ಪೈಪು ಬಾಯಿಂದ ತೆಗೆದರು. ಬಹಳ ಹೊತ್ತು ಮಾತಾಡಲಿಲ್ಲ. ಸಂಜೆ ಕಾಗದ ಪೆನ್ಸಿಲ್ ಹಿಡಿದು ಕೂತರು. ತಳದಿಂದ ಎಷ್ಟು ಮೇಲೆ ಕೊರೆಯಬೇಕು, ಎಷ್ಟಿಂಚಿನ ನಿಪ್ಪಲ್, ಎಂಥ ನಲ್ಲಿ. ಕೊರೆದ ತೂತಿನ ಒಳಗೆ ಮತ್ತೆ ಮರದ ಬಾಯಿ ತೆರೆದುಕೊಳ್ಳುತ್ತದೆ, ಅದನ್ನು ಎಪಾಕ್ಸಿಯಿಂದ ಮುಚ್ಚಬೇಕು. ಫೋನಿನಲ್ಲಿ ಆಚಾರ್ರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು: ತೂತು ಮುಚ್ಚುವುದೋ, ಮಾಡುವುದೋ? ಮಾಡುವುದು ಎಂದು ಇತ್ಯರ್ಥವಾಯಿತು. ಡ್ರಿಲ್ ತರುತ್ತೇನೆ, ಬರುವ ಬುಧವಾರ ಎಂದರು.

ಅತ್ತೆ ಎದ್ದು ಹೋಗಿ ಬಚ್ಚಲಿನ ಹೊಸ ಮಗ್ಗನ್ನು ತಂದು ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿಕೊಂಡರು.